ಶಾರ್ತ್ರ್ ಕೆಥೆಡ್ರಲ್‌ಗೆ ಹೊರಗಿನಿಂದ ಕಲ್ಲಿನ ಊರುಗೋಲು ಯಾಕೆ?

ಪ್ರಶ್ನೆ: ಮೈಸೂರಿನ ಸಂತ ಫಿಲೋಮಿನಾ ಚರ್ಚ್ ನೋಡುತ್ತಾ ಬೆಳೆದವಳು ನಾನು. ಕಳೆದ ಚಳಿಗಾಲದಲ್ಲಿ ಮಗನ ಮನೆಗೆಂದು ಪ್ಯಾರಿಸ್‌ಗೆ ಹೋದಾಗ ರೈಲು ಹತ್ತಿ ಶಾರ್ತ್ರ್‌ಗೂ ಹೋಗಿಬಂದೆವು. ಅಲ್ಲಿನ ಕೆಥೆಡ್ರಲ್ ನೋಡಿ ಬೆರಗಾಯಿತು, ಜೊತೆಗೆ ಗೊಂದಲವೂ ಆಯಿತು. ಎರಡು ಗೋಪುರ ಒಂದಕ್ಕೊಂದು ಹೊಂದುವುದೇ ಇಲ್ಲ. ಬೀಳುವ ಮನೆಗೆ ಆಸರೆ ಕೊಟ್ಟ ಹಾಗೆ ಹೊರಗಡೆ ಸುತ್ತಲೂ ಕಲ್ಲಿನ ಊರುಗೋಲುಗಳಿವೆ. ಗೋಡೆ ವಾಲಿದ ಮೇಲೆ ಅವನ್ನು ಕೊಟ್ಟರಾ? ಸಿಮೆಂಟು, ಕಬ್ಬಿಣ ಇಲ್ಲದೆ 800 ವರ್ಷ ಅದು ನಿಂತದ್ದು ಹೇಗೆ? ಗಾಥಿಕ್ ಅಂದರೆ ಬೆಳಕಿನ ಶೈಲಿ ಅಂತ ಓದಿದ್ದೆ. ಒಳಗೆ ಹೋದರೆ ಕತ್ತಲೆ!

ಉತ್ತರ: ಮೊದಲು ಊರುಗೋಲಿನ ವಿಷಯ ಹೇಳಿಬಿಡುತ್ತೇನೆ. ಅವು ಗೋಡೆ ವಾಲಿದ ಮೇಲೆ ಕೊಟ್ಟ ಆಸರೆಯಲ್ಲ. ಕಟ್ಟುವಾಗಲೇ ಯೋಚಿಸಿ ಇಟ್ಟವು. ಅವು ಹೊರಗೆ ನಿಂತು ಭಾರ ಹೊತ್ತದ್ದರಿಂದಲೇ ಒಳಗೆ ದಪ್ಪ ಗೋಡೆ ಬೇಡವಾಯಿತು. ಗೋಡೆ ಬೇಡವಾದ ಜಾಗಕ್ಕೆ ಬಣ್ಣದ ಗಾಜು ಬಂತು. ನಿಮ್ಮ ಉಳಿದ ಪ್ರಶ್ನೆಗಳೂ ಸುತ್ತಿ ಬಳಸಿ ಇಲ್ಲಿಗೇ ಬಂದು ಸೇರುತ್ತವೆ. ಹಳೆಯ ಕಲ್ಲುಕಟ್ಟಡಗಳ ದುರಸ್ತಿ ನನ್ನ ಕಸುಬು. ಶಾರ್ತ್ರ್‌ಗೆ ಮೂರು ಸಲ ಹೋಗಿದ್ದೇನೆ. ಹೋದಾಗಲೆಲ್ಲ ಒಳಗಿಗಿಂತ ಹೊರಗೆ, ಆ ಊರುಗೋಲುಗಳ ಕೆಳಗೆ ನಿಂತದ್ದೇ ಜಾಸ್ತಿ.

ಈ ಕಟ್ಟಡದ ಚರಿತ್ರೆ ಅಂದರೆ ಬೆಂಕಿಯ ಚರಿತ್ರೆ. 1020ರಲ್ಲಿ ಅಲ್ಲಿದ್ದ ಹಳೆಯ ಚರ್ಚ್ ಸುಟ್ಟುಹೋಯಿತು. ಆಗ ಬಿಷಪ್ ಆಗಿದ್ದ ಫುಲ್ಬೇರ್ ಹೊಸದನ್ನು ಕಟ್ಟಿಸಿದರು. ಅವರು ಕಟ್ಟಿಸಿದ ನೆಲಮಾಳಿಗೆ ಇವತ್ತಿಗೂ ಕೆಳಗಿದೆ. 1134ರಲ್ಲಿ ಊರಿಗೇ ಬೆಂಕಿ ಬಿತ್ತು. ಚರ್ಚಿನ ಪಶ್ಚಿಮದ ತುದಿಗೆ ಪೆಟ್ಟಾಯಿತು. ಅದಾದ ಮೇಲೆ ಶುರುವಾದದ್ದೇ ನೀವು ನೋಡಿದ ಎರಡು ಗೋಪುರಗಳು, ಅವುಗಳ ನಡುವಿನ ಮೂರು ಬಾಗಿಲು. ಆ ಹೊತ್ತಿನಲ್ಲಿ ಜನ ತಾವೇ ಗಾಡಿಗೆ ಹೆಗಲು ಕೊಟ್ಟು ಕಲ್ಲು ಎಳೆದರು ಎಂದು ಆ ಕಾಲದವರೇ ಬರೆದಿಟ್ಟಿದ್ದಾರೆ.

ಆಮೇಲೆ 1194ರ ಜೂನ್ 10. ಈ ಸಲ ಬೆಂಕಿ ಏನನ್ನೂ ಉಳಿಸಲಿಲ್ಲ ಅನ್ನಬೇಕು. ನೆಲಮಾಳಿಗೆ, ಪಶ್ಚಿಮದ ಗೋಪುರಗಳು, ಬಾಗಿಲುಗಳು, ಅವುಗಳ ಮೇಲಿನ ಮೂರು ಕಿಟಕಿ ಮತ್ತು ಮೇರಿಯ ಚಿತ್ರವಿದ್ದ ಇನ್ನೊಂದು ಕಿಟಕಿಯ ಗಾಜು ಮಾತ್ರ ಉಳಿದವು. ಊರಿನವರಿಗೆ ಕಟ್ಟಡಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಯೇಸು ಹುಟ್ಟಿದಾಗ ಮೇರಿ ಮಾತೆ ಉಟ್ಟಿದ್ದಳು ಎಂದು ನಂಬಿದ್ದ ಒಂದು ಬಟ್ಟೆ ಅಲ್ಲಿತ್ತು. ರಾಜ ಚಾರ್ಲ್ಸ್ 876ರಲ್ಲಿ ಕೊಟ್ಟದ್ದಂತೆ. ಅದಕ್ಕಾಗಿಯೇ ಯಾತ್ರಿಕರು ಬರುತ್ತಿದ್ದರು. ಮೇರಿಯ ಹಬ್ಬಗಳ ಹೊತ್ತಿಗೆ ವರ್ಷಕ್ಕೆ ನಾಲ್ಕು ಸಲ ದೊಡ್ಡ ಜಾತ್ರೆ ಕೂಡುತ್ತಿತ್ತು. ಬಟ್ಟೆ ಸುಟ್ಟರೆ ಜಾತ್ರೆ ಇಲ್ಲ, ಜಾತ್ರೆ ಇಲ್ಲದಿದ್ದರೆ ವ್ಯಾಪಾರವೂ ಇಲ್ಲ, ಅಲ್ವಾ? ಕೆಲವು ದಿನ ಊರಿಗೆ ಊರೇ ಕಂಗಾಲಾಗಿತ್ತು. ಆಮೇಲೆ ಪಾದ್ರಿಗಳು ನೆಲಮಾಳಿಗೆಯಿಂದ ಆ ಬಟ್ಟೆಯನ್ನು ಹೊತ್ತು ತಂದರು. ಬೆಂಕಿಯ ಹೊತ್ತಿನಲ್ಲಿ ಅದನ್ನು ಕೆಳಗೆ ಇಟ್ಟು ಕಾಪಾಡಿದ್ದರು. ತನಗೆ ಇನ್ನೂ ದೊಡ್ಡ ಮನೆ ಬೇಕೆಂದು ಮೇರಿ ಮಾತೆಯೇ ಬಯಸಿದ್ದಾಳೆ ಎಂದು ಜನ ಅರ್ಥ ಮಾಡಿಕೊಂಡರು. ಬಿಷಪ್ ಮತ್ತು ಪಾದ್ರಿಗಳು ಮೂರು ವರ್ಷ ತಮ್ಮ ವರಮಾನದ ದೊಡ್ಡ ಪಾಲು ಬಿಟ್ಟುಕೊಟ್ಟರು.

ಕೆಲಸ ನಡೆದ ವೇಗ ನೋಡಿ. 1221ರ ಹೊತ್ತಿಗೆ ಪಾದ್ರಿಗಳು ಹೊಸ ಕಟ್ಟಡದಲ್ಲಿ ತಮ್ಮ ತಮ್ಮ ಪೀಠದಲ್ಲಿ ಕೂತಿದ್ದರು. ಇಪ್ಪತ್ತೇಳೇ ವರ್ಷ! ಉದ್ದ ಸುಮಾರು 130 ಮೀಟರ್, ಒಳಗಿನ ಎತ್ತರ ಸುಮಾರು 37 ಮೀಟರ್. ಅಂದರೆ ಒಳಗೆ ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟ್ ನಿಲ್ಲಿಸಬಹುದು. ರಾಜ ಒಂಬತ್ತನೇ ಲೂಯಿ ಇದ್ದಾಗಲೇ 1260ರ ಅಕ್ಟೋಬರ್ 24ರಂದು ಪ್ರತಿಷ್ಠೆ ಆಯಿತು.

ಈಗ ಗೋಪುರ. ಮೈಸೂರಿನ ಫಿಲೋಮಿನಾ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದರು. ಜರ್ಮನಿಯ ಕಲೋನ್ ಕೆಥೆಡ್ರಲ್ ಅದಕ್ಕೆ ಮಾದರಿ. ಒಂದೇ ನಕ್ಷೆ, ಒಂದೇ ಕಾಲ. ಹಾಗಾಗಿ ಜೋಡಿ ಗೋಪುರಗಳು ಅವಳಿಜವಳಿ. ಶಾರ್ತ್ರ್‌ನಲ್ಲಿ ಹಾಗಾಗಲಿಲ್ಲ. ಬಾಗಿಲಿಗೆ ಎದುರಾಗಿ ನಿಂತರೆ ನಿಮ್ಮ ಬಲಕ್ಕೆ ಕಾಣುವುದು ದಕ್ಷಿಣ ಗೋಪುರ. ಸುಮಾರು 105 ಮೀಟರ್. ಅದು 12ನೇ ಶತಮಾನದ್ದು. ಅಲಂಕಾರ ಕಡಿಮೆ. ಚೌಕದಿಂದ ಎಂಟು ಮೂಲೆಗೆ, ಎಂಟು ಮೂಲೆಯಿಂದ ಮೊನಚಿಗೆ ಒಂದೇ ಉಸಿರಿನಲ್ಲಿ ಏರುತ್ತದೆ. ಎಡಗಡೆಯ ಉತ್ತರ ಗೋಪುರದ ತಲೆಗೆ ಬಹಳ ಕಾಲ ಮರದ ಶಿಖರವೇ ಇತ್ತು. 1506ರಲ್ಲಿ ಸಿಡಿಲು ಬಡಿದು ಅದು ಸುಟ್ಟಿತು. ಜೆಹಾನ್ ದ ಬೋಸ್ ಎಂಬ ಶಿಲ್ಪಿ 1507ರಿಂದ 1513ರವರೆಗೆ ಕೆಲಸ ಮಾಡಿ ಕಲ್ಲಿನಲ್ಲೇ ಹೊಸ ಶಿಖರ ಕಟ್ಟಿದ. ಎತ್ತರ ಸುಮಾರು 113 ಮೀಟರ್. ಅಷ್ಟು ಹೊತ್ತಿಗೆ ಗಾಥಿಕ್ ಶೈಲಿ ಪೂರ್ತಿ ಬದಲಾಗಿತ್ತು. ಕಲ್ಲನ್ನು ಕಸೂತಿಯ ಹಾಗೆ ಕೊರೆಯುವ, ಬೆಂಕಿಯ ನಾಲಗೆಯ ಹಾಗೆ ಬಳುಕಿಸುವ ಕಾಲ ಅದು. ಹಳೆಯದರ ನಕಲು ಮಾಡಬೇಕು ಅಂತ ಆತನಿಗೆ ಅನ್ನಿಸಲಿಲ್ಲ. ತನ್ನ ಕಾಲದ ಕೆಲಸವನ್ನು ತನ್ನ ಕಾಲದ ಹಾಗೆ ಮಾಡಿದ. ನನಗೆ ದಕ್ಷಿಣದ್ದೇ ಹೆಚ್ಚು ಇಷ್ಟ. ಆದರೆ ಎರಡೂ ಒಂದೇ ಥರ ಇದ್ದಿದ್ದರೆ ಎರಡನ್ನೂ ಇಷ್ಟು ಹೊತ್ತು ನೋಡುತ್ತಿರಲಿಲ್ಲ.

ಇನ್ನು ಕಟ್ಟಡ ನಿಂತದ್ದು ಹೇಗೆ ಅನ್ನುವುದು. ಇದಕ್ಕೆ ನಿಮ್ಮ ಕೊರಳ ಸರ ಒಂದು ಸಾಕು. ಎರಡು ತುದಿಯನ್ನು ಎರಡು ಕೈಯಲ್ಲಿ ಹಿಡಿದು ಸುಮ್ನೆ ಇಳಿಬಿಡಿ. ಸರ ತಾನಾಗಿ ಒಂದು ಆಕಾರಕ್ಕೆ ಬರುತ್ತದೆ. ಅದರ ಪ್ರತಿ ಕೊಂಡಿಯೂ ಪಕ್ಕದ ಕೊಂಡಿಯನ್ನು ಎಳೆಯುತ್ತಿದೆ. ಈಗ ಅದೇ ಆಕಾರವನ್ನು ತಲೆಕೆಳಗು ಮಾಡಿದಿರಿ ಅಂದುಕೊಳ್ಳಿ. ಎಳೆತವೆಲ್ಲ ಒತ್ತುವಿಕೆ ಆಗುತ್ತದೆ. ಅದೇ ಕಮಾನು. ಇಂಗ್ಲೆಂಡಿನ ರಾಬರ್ಟ್ ಹುಕ್ 1675ರಲ್ಲಿ ಈ ಮಾತನ್ನು ಒಗಟಿನ ಹಾಗೆ ಅಕ್ಷರ ಕಲೆಸಿ ಅಚ್ಚು ಹಾಕಿಸಿದ. ಶಾರ್ತ್ರ್ ಕಟ್ಟಿದವರಿಗೆ ಈ ಸೂತ್ರ ಗೊತ್ತಿರಲಿಲ್ಲ. ಕಲ್ಲನ್ನು ಒತ್ತಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ ಅನ್ನುವುದು ಅವರ ಕೈಗೆ ಗೊತ್ತಿತ್ತು.

ಸರವನ್ನು ಇನ್ನೂ ಕೆಳಗಿಡಬೇಡಿ. ಕೈಗಳನ್ನು ಹತ್ತಿರ ತನ್ನಿ, ಸರ ಆಳವಾಗಿ ಜೋತುಬೀಳುತ್ತದೆ. ಕೈಗೆ ಎಳೆತ ಕಡಿಮೆ. ಕೈಗಳನ್ನು ದೂರ ಮಾಡಿ, ಸರ ಮಟ್ಟಸವಾಗುತ್ತಾ ಬರುತ್ತದೆ. ಎಳೆತ ಜಾಸ್ತಿಯಾಗುತ್ತದೆ. ಕಮಾನಿಗೂ ಇದೇ ಲೆಕ್ಕ. ತಗ್ಗಾದ ಕಮಾನು ತನ್ನ ಕಾಲುಗಳನ್ನು ಹೊರಕ್ಕೆ ಜೋರಾಗಿ ತಳ್ಳುತ್ತದೆ. ಎತ್ತರದ ಮೊನಚು ಕಮಾನು ಕಡಿಮೆ ತಳ್ಳುತ್ತದೆ. ಗಾಥಿಕ್ ಕಟ್ಟಡದವರು ಮೊನಚು ಕಮಾನನ್ನು ಹಿಡಿದುಕೊಂಡದ್ದು ಬರೀ ಚಂದಕ್ಕಲ್ಲ. ಇನ್ನೊಂದು ಅನುಕೂಲವೂ ಇತ್ತು. ಅರ್ಧ ವೃತ್ತದ ಕಮಾನಿಗೆ ಅಗಲ ಎಷ್ಟೋ ಅದರ ಅರ್ಧವೇ ಎತ್ತರ. ಬದಲಿಸುವ ಹಾಗಿಲ್ಲ. ಮೊನಚು ಕಮಾನಾದರೆ ಅಗಲ ಬೇರೆ ಬೇರೆ ಇದ್ದರೂ ತುದಿಗಳನ್ನು ಒಂದೇ ಎತ್ತರಕ್ಕೆ ತರಬಹುದು. ಹಾಗಾಗಿ ಚೌಕವಲ್ಲದ ಅಂಕಣದ ಮೇಲೂ ಸರಾಗವಾಗಿ ಛಾವಣಿ ಹಾಕಬಹುದು.

ಶಾರ್ತ್ರ್‌ನ ಒಳಗೆ ತಲೆ ಎತ್ತಿ ನೋಡಿದಾಗ ಮೂಲೆಯಿಂದ ಮೂಲೆಗೆ ಹೋಗುವ ಕಲ್ಲಿನ ಪಕ್ಕೆಲುಬುಗಳು ಕಂಡಿರಬೇಕು. ಛಾವಣಿಯ ಭಾರವೆಲ್ಲ ನಾಲ್ಕು ಮೂಲೆಗೆ ಹರಿದು ಬರುತ್ತದೆ. ಕೆಳಮುಖದ ಭಾರವನ್ನು ಕಂಬ ಹೊರುತ್ತದೆ. ಆದರೆ ಹೊರಕ್ಕೆ ತಳ್ಳುವ ಬಲ ಒಂದು ಉಳಿಯಿತಲ್ಲ, ಅದನ್ನು ಯಾರು ಹಿಡಿಯಬೇಕು? ಹಿಂದಿನವರು ಗೋಡೆಯನ್ನೇ ಕೋಟೆಯಷ್ಟು ದಪ್ಪ ಮಾಡಿ ಹಿಡಿಸುತ್ತಿದ್ದರು. ದಪ್ಪ ಗೋಡೆಯಲ್ಲಿ ದೊಡ್ಡ ಕಿಟಕಿ ಇಡುವ ಹಾಗಿಲ್ಲ. 1163ರ ಹೊತ್ತಿಗೆ ಶುರುವಾದ ಪ್ಯಾರಿಸ್‌ನ ನೋತ್ರ್ ದಾಮ್ ಕೆಥೆಡ್ರಲ್‌ನಲ್ಲಿ ಪಕ್ಕದ ಹಜಾರದ ಮೇಲೆ ಇನ್ನೊಂದು ಮಾಳಿಗೆ ಇದೆ. ಆ ಮಾಳಿಗೆ ನಡುವೆ ಜಾಗ ತಿಂದುಬಿಡುತ್ತದೆ, ಕಿಟಕಿ ಮೇಲೆ ಸರಿಯುತ್ತದೆ.

ಶಾರ್ತ್ರ್ ಮೇಸ್ತ್ರಿ ಯಾರೋ, ಹೆಸರು ಉಳಿದಿಲ್ಲ. ಆತ ಆ ಮಾಳಿಗೆಯನ್ನೇ ತೆಗೆದುಹಾಕಿದ. ತಳ್ಳುವ ಬಲವನ್ನು ಹಿಡಿಯುವ ಕೆಲಸವನ್ನು ಪೂರ್ತಿಯಾಗಿ ಹೊರಗಿನ ಊರುಗೋಲಿಗೆ ಒಪ್ಪಿಸಿದ. ಇಂಗ್ಲಿಷಿನವರು ಅದಕ್ಕೆ ಫ್ಲೈಯಿಂಗ್ ಬಟ್ರೆಸ್ ಅನ್ನುತ್ತಾರೆ. ಅರ್ಧ ಕಮಾನು ಪಕ್ಕದ ಹಜಾರದ ಮೇಲಿನಿಂದ ಹಾರಿ ಬಂದು ಗೋಡೆಗೆ ಭುಜ ಕೊಡುತ್ತದೆ. ಒಳಗಿನ ತಳ್ಳುವಿಕೆ ಅದರ ಮೂಲಕ ಹೊರಗಿನ ಭಾರೀ ಕಂಬಕ್ಕೆ ಇಳಿಯುತ್ತದೆ, ಅಲ್ಲಿಂದ ನೆಲಕ್ಕೆ. ಇದರಿಂದ ಏನಾಯಿತು ಅಂದರೆ, ಮೇಲಿನ ಸಾಲಿನ ಕಿಟಕಿಗಳು ಕೆಳಗಿನ ಕಮಾನುಸಾಲಿನಷ್ಟೇ ಎತ್ತರಕ್ಕೆ ಬೆಳೆದವು. ಮುಂದೆ ರಾಂಸ್, ಆಮಿಯಾಂ ಊರುಗಳ ಕೆಥೆಡ್ರಲ್‌ಗಳೆಲ್ಲ ಹಿಡಿದದ್ದು ಇದೇ ದಾರಿ.

ಮುಂದಿನ ಸಲ ಹೋದರೆ ದಕ್ಷಿಣದ ಬದಿಗೆ ಹೋಗಿ ಒಂದೇ ಒಂದು ಊರುಗೋಲನ್ನು ಆರಿಸಿಕೊಂಡು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೋಡಿ. ಕೆಳಗೆ ಎರಡು ಕಮಾನು ಒಂದರ ಮೇಲೊಂದು ಇವೆ. ಅವೆರಡರ ನಡುವೆ ಮೋಟು ಕಂಬಗಳ ಸಾಲು. ಅವು ನೇರ ನಿಂತಿಲ್ಲ, ಗಾಡಿ ಚಕ್ರದ ಅರೆಕಾಲುಗಳ ಹಾಗೆ ಬೀಸಣಿಗೆಯಾಗಿ ಹರಡಿಕೊಂಡಿವೆ. ಅದರ ಮೇಲೆ ತೆಳ್ಳಗಿನ ಮೂರನೆಯ ಕಮಾನು. ಅದನ್ನು ಸ್ವಲ್ಪ ತಡವಾಗಿ ಸೇರಿಸಿದ್ದು. ಕಲ್ಲು ಹತ್ತಿರದ ಬೆರ್ಶೇರ್ ಗಣಿಯದು. ಗಟ್ಟಿ ಸುಣ್ಣದಕಲ್ಲು, ಮೈಮೇಲೆಲ್ಲ ಸಣ್ಣ ಸಣ್ಣ ಕುಳಿ. ನಯವಾದ ಕೆತ್ತನೆಗೆ ಅಷ್ಟು ಒಗ್ಗುವುದಿಲ್ಲ, ಭಾರ ಹೊರುವುದಕ್ಕೆ ಹೇಳಿ ಮಾಡಿಸಿದ್ದು. ಗಾಡಿ ಚಕ್ರದಂಥ ಆ ಒರಟು ಆಕಾರಕ್ಕೂ ಈ ಕಲ್ಲಿಗೂ ಎಂಥ ಜೋಡಿ ಅನ್ನಿಸುತ್ತದೆ ನನಗೆ.

ನಮ್ಮ ಕಡೆಯ ಹಳೆಯ ದೇವಸ್ಥಾನಗಳಲ್ಲಿ ಇಂಥ ಊರುಗೋಲು ನೀವು ನೋಡಿರಲಿಕ್ಕಿಲ್ಲ. ಕಾರಣ ಸರಳ. ನಿಮ್ಮ ಮೈಸೂರಿನ ಹತ್ತಿರದ ಸೋಮನಾಥಪುರ 1258ರದು, ಶಾರ್ತ್ರ್ ಪ್ರತಿಷ್ಠೆಗಿಂತ ಎರಡೇ ವರ್ಷ ಮುಂಚಿನದು. ಅಲ್ಲಿ ಕಂಬದ ಮೇಲೆ ಕಲ್ಲಿನ ತೊಲೆ ಮಟ್ಟಸವಾಗಿ ಕೂತಿದೆ. ತೊಲೆ ಕೆಳಕ್ಕೆ ಮಾತ್ರ ಒತ್ತುತ್ತದೆ, ಪಕ್ಕಕ್ಕೆ ತಳ್ಳುವುದಿಲ್ಲ.

ಸಿಮೆಂಟು ಇಲ್ಲದಿದ್ದದ್ದು ಕೊರತೆ ಅಂತ ಅಂದುಕೊಳ್ಳಬೇಡಿ. ಅವರು ಬಳಸಿದ್ದು ಸುಣ್ಣದ ಗಾರೆ. ಅದು ನಿಧಾನವಾಗಿ ಗಟ್ಟಿಯಾಗುತ್ತದೆ. ಅಷ್ಟರಲ್ಲಿ ಕಟ್ಟಡ ತನ್ನ ಭಾರಕ್ಕೆ ತಾನೇ ಸ್ವಲ್ಪ ಕೂರುತ್ತದೆ, ಒಂದು ಕೂದಲೆಳೆ ಅತ್ತಿತ್ತ ಸರಿಯುತ್ತದೆ. ಗಾರೆ ಅದಕ್ಕೆ ಹೊಂದಿಕೊಳ್ಳುತ್ತದೆ. ಇವತ್ತು ಹಳೆಯ ಸಂದುಗಳಿಗೆ ಗಟ್ಟಿ ಸಿಮೆಂಟು ತುಂಬಿ ಕಲ್ಲನ್ನೇ ಒಡೆಸಿದ ಕಟ್ಟಡಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇನ್ನು ಕಬ್ಬಿಣ. ಅದು ಪೂರ್ತಿ ಇರಲಿಲ್ಲ ಅನ್ನುವಂತಿಲ್ಲ. ಕಿಟಕಿಯ ಗಾಜನ್ನು ಹಿಡಿದಿರುವುದೇ ಕಬ್ಬಿಣದ ಪಟ್ಟಿಗಳು. ನೋತ್ರ್ ದಾಮ್‌ನಲ್ಲಿ 2019ರ ಬೆಂಕಿಯ ನಂತರ ಪರೀಕ್ಷೆ ಮಾಡಿದಾಗ ಕಲ್ಲು ಕಲ್ಲನ್ನು ಹಿಡಿದಿಟ್ಟ ಹಳೆಯ ಕಬ್ಬಿಣದ ಕೊಂಡಿಗಳು ಸಿಕ್ಕವು. ಆದರೂ ಭಾರ ನಿಂತಿರುವುದು ಕಲ್ಲಿನ ಆಕಾರದ ಮೇಲೆ. ಇಂಥ ಕಟ್ಟಡದಲ್ಲಿ ಕಲ್ಲು ಭಾರಕ್ಕೆ ಪುಡಿಯಾಗುವ ಭಯ ಬಹಳ ಕಡಿಮೆ. ಆಕಾರ ತಪ್ಪಿದರೆ ಮಾತ್ರ ಅಪಾಯ.

ಕಟ್ಟಿ ಕೈತೊಳೆದುಕೊಂಡರು ಅಂತಲೂ ಅಲ್ಲ. 1316ರಲ್ಲಿ ಪ್ಯಾರಿಸ್‌ನಿಂದ ಅನುಭವಸ್ಥರು ಶಾರ್ತ್ರ್‌ಗೆ ಬಂದು ಕಟ್ಟಡವನ್ನು ತಪಾಸಣೆ ಮಾಡಿದರು. ಅವರಲ್ಲಿ ನೋತ್ರ್ ದಾಮ್‌ನ ಮುಖ್ಯ ಮೇಸ್ತ್ರಿ ಪಿಯೆರ್ ದ ಶೆಲ್ ಕೂಡ ಇದ್ದ. ಊರುಗೋಲುಗಳ ಸಂದಿಗೆ ಗಾರೆ ತುಂಬಬೇಕು, ತಡಮಾಡಿದರೆ ಕೆಡುತ್ತದೆ ಎಂದು ಅವರು ವರದಿ ಕೊಟ್ಟರು. ಆ ವರದಿ ಉಳಿದುಕೊಂಡಿದೆ. ಅದನ್ನು ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಯಿತು. ಏಳುನೂರು ವರ್ಷ ಕಳೆದರೂ ನಾವು ಬರೆಯುವ ತಪಾಸಣಾ ವರದಿಯ ಧಾಟಿ ಇದೇ!

ಹಾಗಾದರೆ ಯಾವುದೂ ಬೀಳಲಿಲ್ಲವೇ? ಬಿದ್ದಿವೆ. ಪ್ಯಾರಿಸ್‌ನ ಉತ್ತರಕ್ಕಿರುವ ಬೋವೇ ಊರಿನವರು ಒಳಗಿನ ಎತ್ತರವನ್ನು 48 ಮೀಟರ್‌ಗೆ ಒಯ್ದರು. 1272ರಲ್ಲಿ ಆ ಭಾಗ ಮುಗಿಯಿತು, 1284ರಲ್ಲಿ ಛಾವಣಿಯ ಒಂದಷ್ಟು ಕುಸಿಯಿತು. ಕಂಬಗಳ ನಡುವೆ ಇನ್ನೊಂದೊಂದು ಕಂಬ ಸೇರಿಸಿ ಮತ್ತೆ ನಿಲ್ಲಿಸಿದರು. ಮುಂದೆ ಅದೇ ಊರಿನವರು 153 ಮೀಟರ್ ಎತ್ತರದ ಗೋಪುರ ಏರಿಸಿದರು. ಅದು 1573ರಲ್ಲಿ ಬಿತ್ತು. ಆ ಕೆಥೆಡ್ರಲ್ ಇವತ್ತಿಗೂ ಅರ್ಧವೇ. ಶಾರ್ತ್ರ್ ಮೇಸ್ತ್ರಿಯ ಊರುಗೋಲುಗಳು ಅಗತ್ಯಕ್ಕಿಂತ ಭಾರ, ದಡೂತಿ ಅಂತ ಕೆಲವರು ಟೀಕೆ ಮಾಡುತ್ತಾರೆ. ಬೋವೇ ನೋಡಿಬಂದ ಮೇಲೆ ನಾನು ಆ ಮಾತು ಒಪ್ಪುವುದಿಲ್ಲ.

ನೀವು ಒಳಗಿನಿಂದ ಕಂಡ ಕಲ್ಲಿನ ಛಾವಣಿಯ ಮೇಲೆ ಇನ್ನೊಂದು ಇಳಿಜಾರು ಮಾಡು ಇದೆ. ಮಳೆಯಿಂದ ಕಲ್ಲನ್ನು ಅದು ಕಾಯುತ್ತದೆ. ಮಾಡಿಗೆ ಬೆಂಕಿ ಬಿದ್ದರೆ ಕೆಳಗಿನ ಜನವನ್ನು ಕಲ್ಲು ಕಾಯುತ್ತದೆ. 1836ರಲ್ಲಿ ಹಾಗೇ ಆಯಿತು. ಕಾಡು ಎಂದೇ ಹೆಸರಾಗಿದ್ದ ಮರದ ಜಂತೆಗಳೆಲ್ಲ ಸುಟ್ಟು ಬೂದಿಯಾದವು. ಕಲ್ಲಿನ ಛಾವಣಿ ಜಗ್ಗಲಿಲ್ಲ, ಕೆಳಗಿನ ಗಾಜು ಉಳಿಯಿತು. ಆಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ ತಾಮ್ರ ಹೊದಿಸಿದರು. ದೂರದಿಂದ ಹಸಿರಾಗಿ ಕಾಣುವುದು ಅದೇ ತಾಮ್ರ.

ಇನ್ನು ಗಾಜು. ಅಲ್ಲಿ ಸುಮಾರು 176 ಕಿಟಕಿಗಳಿವೆ. ಹೆಚ್ಚಿನವು 13ನೇ ಶತಮಾನದವು. ಇಷ್ಟು ಹಳೆಯ ಗಾಜು ಇಷ್ಟು ಪ್ರಮಾಣದಲ್ಲಿ ಒಂದೇ ಕಡೆ ಉಳಿದಿರುವುದು ತೀರಾ ಅಪರೂಪ. ಮೇಲೆ ಸಂತರ ಕತೆಗಳು ನಡೆಯುತ್ತವೆ. ಹಲವು ಕಿಟಕಿಗಳ ಕೆಳಗಿನ ಮೂಲೆಯಲ್ಲಿ ಊರಿನ ಕಸುಬಿನವರು ಇದ್ದಾರೆ. ಒಂದರಲ್ಲಿ ಬುಟ್ಟಿ ತುಂಬ ಬ್ರೆಡ್ ಇಟ್ಟುಕೊಂಡ ಬೇಕರಿಯವರು. ಇನ್ನೊಂದರಲ್ಲಿ ಚಕ್ರ ಮಾಡುವ ಬಡಗಿ. ಇನ್ನೊಂದರಲ್ಲಿ ತುಪ್ಪಳದ ವ್ಯಾಪಾರಿ ಗಿರಾಕಿಗೆ ನಿಲುವಂಗಿಯನ್ನು ಬಿಡಿಸಿ ತೋರಿಸುತ್ತಿದ್ದಾನೆ, ಒಳಗಿನ ತುಪ್ಪಳ ಕಾಣಲಿ ಅಂತ. ಸಂತ ಶೆರಾನ್ ಕಿಟಕಿಯ ಬುಡದಲ್ಲಿ ಕಲ್ಲುಕುಟಿಗರೇ ಉಳಿ ಸುತ್ತಿಗೆ ಹಿಡಿದು ಕೂತಿದ್ದಾರೆ. ಇವರೆಲ್ಲ ತಾವೇ ಮನಸ್ಸಿಟ್ಟು ಹಣ ಕೊಟ್ಟರೋ, ಪಾದ್ರಿಗಳು ಅವರಿಂದ ವಸೂಲಿ ಮಾಡಿದರೋ ಎಂದು ವಿದ್ವಾಂಸರಲ್ಲಿ ಜಗಳವಿದೆ. ಅದೇನೇ ಇರಲಿ, ಆ ಕಾಲದ ಕೆಲಸಗಾರರ ಕೈ, ಅಂಗಡಿ, ಹತಾರ ಇಷ್ಟು ಹತ್ತಿರದಿಂದ ಕಾಣುವ ಜಾಗ ಬಹಳ ಇಲ್ಲ.

ದಕ್ಷಿಣದ ಗುಲಾಬಿ ಕಿಟಕಿಯ ಕೆಳಗೆ ಇನ್ನೊಂದು ವಿಶೇಷವಿದೆ. ಸುವಾರ್ತೆ ಬರೆದ ನಾಲ್ವರು ಹಳೆಯ ಒಡಂಬಡಿಕೆಯ ನಾಲ್ವರು ಪ್ರವಾದಿಗಳ ಹೆಗಲೇರಿ ಕೂತಿದ್ದಾರೆ. ಜಾತ್ರೆಯಲ್ಲಿ ಅಪ್ಪನ ಹೆಗಲ ಮೇಲೆ ಮಗು ಕೂತ ಹಾಗೆ. ನಾವು ದೈತ್ಯರ ಹೆಗಲೇರಿದ ಕುಳ್ಳರು, ಅದಕ್ಕೇ ಅವರಿಗಿಂತ ದೂರ ಕಾಣುತ್ತೇವೆ ಎಂಬ ಮಾತು ಇದೇ ಊರಿನ ಗುರು ಬರ್ನಾರ್ಡ್ ಹೇಳಿದ್ದು ಎಂದು 12ನೇ ಶತಮಾನದಲ್ಲೇ ದಾಖಲಾಗಿದೆ.

ಈ ಗಾಜನ್ನು ಉಳಿಸಿಕೊಳ್ಳಲು ಜನ ಪಟ್ಟ ಪಾಡು ದೊಡ್ಡದು. 1939ರಲ್ಲಿ ಯುದ್ಧದ ಸೂಚನೆ ಸಿಕ್ಕಿದ್ದೇ ತಡ ಕಿಟಕಿಗಳನ್ನೆಲ್ಲ ಬಿಚ್ಚಿ ಪೆಟ್ಟಿಗೆಗೆ ತುಂಬಿ ಸಾಗಿಸಿದರು. 1944ರ ಆಗಸ್ಟ್ 16ರಂದು ಅಮೆರಿಕದ ಸೈನ್ಯಕ್ಕೆ ಗೋಪುರದಲ್ಲಿ ಜರ್ಮನರು ಅಡಗಿದ್ದಾರೆ ಅನ್ನುವ ಅನುಮಾನ ಬಂತು. ಫಿರಂಗಿ ಹಾರಿಸುವುದೊಂದೇ ಬಾಕಿ. ಕರ್ನಲ್ ವೆಲ್ಬೋರ್ನ್ ಗ್ರಿಫಿತ್ ನಾನು ಹೋಗಿ ನೋಡುತ್ತೇನೆ ಎಂದು ಒಳಗೆ ಹೋದರು. ಗೋಪುರ ಹತ್ತಿ ಇಳಿದು ಯಾರೂ ಇಲ್ಲ ಎಂದು ಖಚಿತ ಮಾಡಿದರು. ಫಿರಂಗಿಯ ಆದೇಶ ರದ್ದಾಯಿತು. ಅದೇ ದಿನ ಪಕ್ಕದ ಲೇವ್ ಎಂಬ ಊರಿನಲ್ಲಿ ಅವರು ಗುಂಡಿಗೆ ಬಲಿಯಾದರು.

ಕೊನೆಗೆ ನಿಮ್ಮ ಕತ್ತಲೆ. ನೀವು ಕಂಡದ್ದು ಸರಿ, ಒಳಗೆ ಮಬ್ಬೇ. ಅವರಿಗೆ ಬೇಕಾಗಿದ್ದದ್ದು ನಮ್ಮ ಹಾಲ್‌ಗಳ ಥರದ ಬಿಳಿ ಬೆಳಕಲ್ಲ. ರತ್ನದ ಒಳಗಿನಿಂದ ಬಂದ ಹಾಗಿರುವ ಬೆಳಕು. ಪ್ಯಾರಿಸ್ ಪಕ್ಕದ ಸಾಂ ದೆನಿಯಲ್ಲಿ 1140ರ ದಶಕದಲ್ಲಿ ಈ ಶೈಲಿಗೆ ಚಾಲನೆ ಕೊಟ್ಟ ಮಠಾಧೀಶ ಸ್ಯೂಜೇರ್ ಕೂಡ ಇಂಥ ಬೆಳಕನ್ನೇ ಕೊಂಡಾಡಿದ. ಶಾರ್ತ್ರ್‌ನ ಗಾಜು ದಪ್ಪ, ಬಣ್ಣ ಗಾಢ. ಬಿಸಿಲನ್ನು ಅದು ಒಳಗೆ ಬಿಡುವುದಕ್ಕಿಂತ ತಾನೇ ಹಿಡಿದುಕೊಂಡು ಹೊಳೆಯುವುದು ಜಾಸ್ತಿ.

ಗೋಡೆಗಳೂ ಶತಮಾನಗಳ ಮೇಣದ ಬತ್ತಿಯ ಮಸಿಯಿಂದ ಕಪ್ಪಾಗಿದ್ದವು. 2009ರಿಂದ ಅವನ್ನು ತೊಳೆದು, ಮಸಿಯಡಿ ಉಳಿದಿದ್ದ 13ನೇ ಶತಮಾನದ ಗಾರೆಯ ಬಣ್ಣಕ್ಕೆ ತರುವ ಕೆಲಸ ನಡೆದಿದೆ. ತಿಳಿ ಹಳದಿ ಮೈ, ಅದರ ಮೇಲೆ ಬಿಳಿ ಗೆರೆ. ಇದಕ್ಕೆ ದೊಡ್ಡ ವಿರೋಧವೂ ಬಂತು. ಗೋಡೆಯ ಮಟ್ಟಿಗೆ ನಾನು ಕೆಲಸ ಮಾಡಿದವರ ಪರ. ಆದರೆ ಜನ ತಲೆತಲಾಂತರದಿಂದ ಕಪ್ಪು ಮಾತೆ ಎಂದೇ ಕೈಮುಗಿದ ಮೇರಿಯ ವಿಗ್ರಹವನ್ನೂ ಬೆಳ್ಳಗೆ ಮಾಡಿದ್ದು ನನಗೆ ಸರಿ ಕಾಣಲಿಲ್ಲ. ಆ ಕಪ್ಪು ಅಷ್ಟು ಹೊತ್ತಿಗೆ ಮಸಿಯಾಗಿ ಉಳಿದಿರಲಿಲ್ಲ, ಭಕ್ತಿಯ ಭಾಗವಾಗಿತ್ತು.

ಇನ್ನೊಮ್ಮೆ ಹೋಗುವುದಾದರೆ ಸಂಜೆ ಹೋಗಿ. ನೆಲದಲ್ಲಿ ಕಲ್ಲು ಕೂರಿಸಿ ಮಾಡಿದ ಸುಮಾರು 13 ಮೀಟರ್ ಅಗಲದ ಸುತ್ತುದಾರಿ ಇದೆ, ಎಂದಿನಂತೆ ಅದರ ಮೇಲೆ ಕುರ್ಚಿಗಳಿರುತ್ತವೆ. ಈಸ್ಟರ್ ಮುಂಚಿನ ಉಪವಾಸದ ದಿನಗಳಿಂದ ನವೆಂಬರ್ ಮೊದಲವರೆಗೆ ಶುಕ್ರವಾರಗಳಲ್ಲಿ ಕುರ್ಚಿ ತೆಗೆಯುತ್ತಾರೆ. ಶುಕ್ರವಾರವೇ ಆದರೆ ಅದನ್ನೂ ನಡೆದು ನೋಡಬಹುದು. ಆಮೇಲೆ ದಕ್ಷಿಣದ ಬದಿಯಲ್ಲಿ ನೀಲಿ ಉಡುಪಿನ ಮೇರಿಯ ಕಿಟಕಿ ಹುಡುಕಿ. ಆ ಮೇರಿಯ ಗಾಜು 1194ರ ಬೆಂಕಿಗೂ ಮುಂಚಿನದು. ಅದರೆದುರು ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಫೋನ್ ತೆಗೆಯಬೇಡಿ, ಪರದೆಯ ಬೆಳಕಿಗೆ ಕಣ್ಣು ಕೆಡುತ್ತದೆ. ಮಬ್ಬಿಗೆ ಒಗ್ಗಿದ ಕಣ್ಣಿಗೆ ಕೆಂಪು ಬೇಗ ಮಾಸುತ್ತದೆ, ನೀಲಿ ಕೊನೆಯವರೆಗೂ ಉಳಿಯುತ್ತದೆ. ಹೊರಗೆ ಬಿಸಿಲು ಇಳಿಯುತ್ತಾ ಹೋದ ಹಾಗೆ ಸುತ್ತಲಿನ ಕೆಂಪು ಗಾಜೆಲ್ಲ ಒಂದೊಂದಾಗಿ ಆರುತ್ತದೆ. ಆಕೆಯ ನೀಲಿ ಮಾತ್ರ ಇನ್ನೂ ಉರಿಯುತ್ತಿರುತ್ತದೆ.